ಥರ್ಮಾಮೀಟರಮ್ಮನ ನೇರ ಗೆರೆ

ಹಸುಗೂಸಿರುವ ಮನೆಯವರು ಥರ್ಮಾಮೀಟರಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಕೂಸನ್ನು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಹಾಗೆಂದು ಥರ್ಮಾಮೀಟರಮ್ಮ ಕೆಟ್ಟವರಲ್ಲ. ಯಾರ ಮನೆಯಲ್ಲಿ ಯಾರಿಗೆ ಹುಷಾರು ತಪ್ಪಿದರೂ ಕರೆಯುವ ಮೊದಲೇ ಬಂದು ನಿಲ್ಲುವ ಜೀವ ಅದು. ಆದರೆ ಕೂಸು ಕಣ್ಣಿಗೆ ಬಿದ್ದರೆ ಅವರ ಬಾಯಿಗೆ ಕಡಿವಾಣವಿರುತ್ತಿರಲಿಲ್ಲ.

"ಹುಟ್ಟಿ ಎಷ್ಟು ದಿನ ಆಯ್ತು? ಅಷ್ಟೇನಾ? ಹಾಗಾದ್ರೆ ಇದರ ತಲೆ ಒಳಗಿನ ಥರ್ಮಾಮೀಟರು ಇನ್ನೂ ಸರಿಯಾಗಿ ಶುರುವಾಗಿರಲ್ಲ ನೋಡಿ," ಎಂದು ಅವರು ಪೀಠಿಕೆ ಹಾಕುತ್ತಿದ್ದರು. ಆಮೇಲೆ ತಾಯಾದವಳು ಒಲೆಯ ಮೇಲಿಟ್ಟ ಹಾಲಿನ ನೆನಪಾಗಿ ಚಡಪಡಿಸಿದರೂ ಬಿಡುಗಡೆಯಿಲ್ಲ. ಮಾತು ಮುಗಿಯುವ ಹೊತ್ತಿಗೆ ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ತಣ್ಣಗಾಗಿರುತ್ತಿತ್ತು.

ಅವರು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಒಂದು ಸಂಶೋಧನಾ ಕೇಂದ್ರದ ನೆಲಮಾಳಿಗೆಯಲ್ಲಿ ಬಿಳಿ ಇಲಿಗಳನ್ನು ಸಾಕುವ ಕೋಣೆಯಿದೆ. ಅಲ್ಲಿ ಹಿರಿಯ ಸಹಾಯಕಿ. ಎರಡೆರಡು ಬಾಗಿಲು ದಾಟಿ, ನೀಲಿ ಗೌನು ತೊಟ್ಟು, ತಲೆಗೆ ಟೋಪಿ ಹಾಕಿಕೊಂಡು ಒಳಗೆ ಹೋದರೆ ಉಕ್ಕಿನ ಕಪಾಟುಗಳಲ್ಲಿ ಸಾಲುಸಾಲು ಪ್ಲಾಸ್ಟಿಕ್ ಪೆಟ್ಟಿಗೆಗಳು, ಮರದ ಹೊಟ್ಟಿನ ವಾಸನೆ, ಅದರ ಜೊತೆಗೆ ಹೊಸಬರಿಗೆ ಮೂಗು ಮುಚ್ಚಿಸುವ ಇನ್ನೊಂದು ವಾಸನೆ. ಈ ಎರಡನೆಯ ವಾಸನೆ ಥರ್ಮಾಮೀಟರಮ್ಮನ ಮೂಗಿಗೆ ತಿಳಿಯುವುದು ನಿಂತು ಎಷ್ಟೋ ವರ್ಷಗಳಾಗಿದ್ದವು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಮಾತ್ರ ತಿಳಿಯುತ್ತಿತ್ತು.

ಅಲ್ಲಿ ಹುಟ್ಟುವ ಇಲಿಮರಿಗಳು ಬೆರಳಿನ ಒಂದು ಗೆಣ್ಣಿನಷ್ಟಿರುತ್ತವೆ. ಕೂದಲಿಲ್ಲ, ಕಣ್ಣು ತೆರೆದಿಲ್ಲ, ಚರ್ಮದೊಳಗಿಂದ ಹೊಟ್ಟೆಯ ಹಾಲು ಬೆಳ್ಳಗೆ ಕಾಣುತ್ತದೆ. ಒಂಟಿಯಾಗಿ ಬಿಟ್ಟರೆ ನೋಡನೋಡುತ್ತಲೇ ತಣ್ಣಗಾಗುತ್ತವೆ. ಅದಕ್ಕೇ ಒಂದರ ಮೇಲೊಂದು ಬಿದ್ದುಕೊಂಡು ಗುಡ್ಡೆಯಾಗಿರುತ್ತವೆ. ಅಂಚಿನಲ್ಲಿದ್ದು ಚಳಿಯಾದ ಮರಿ ತೆವಳಿಕೊಂಡು ನಡುವೆ ನುಗ್ಗುತ್ತದೆ, ನಡುವೆ ಬೆಂದ ಮರಿ ಅಂಚಿಗೆ ಬರುತ್ತದೆ. ತಾಯಿ ಬಂದು ಮೇಲೆ ಕೂತರೆ ಎಲ್ಲವೂ ಬೆಚ್ಚಗಾಗುತ್ತವೆ, ಅವಳು ಮೇವಿಗೆ ಎದ್ದುಹೋದರೆ ಮತ್ತೆ ತಣಿಯುತ್ತವೆ. ಅವುಗಳನ್ನು ಮುಟ್ಟುವ ಮೊದಲು ಥರ್ಮಾಮೀಟರಮ್ಮ ಬಿಸಿನೀರಿನ ಬಾಟಲಿಯನ್ನು ಹಿಡಿದು ಕೈಗವಸು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಬಂದವರು ಹಾಗೆ ಮಾಡದೆ ಪೆಟ್ಟಿಗೆಗೆ ಕೈಹಾಕಿದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದರು.

ಆ ಕೇಂದ್ರದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸಾರ್ ಎನ್ನುತ್ತಿದ್ದರು. ಮಾತು ಕಡಿಮೆ, ಸೂಕ್ಷ್ಮದರ್ಶಕದಿಂದ ತಲೆ ಎತ್ತುವುದು ಇನ್ನೂ ಕಡಿಮೆ. ಅವರ ತಲೆ ತಿನ್ನುತ್ತಿದ್ದದ್ದು ಒಂದೇ ಪ್ರಶ್ನೆ. ಮಿದುಳಿನ ಬುಡದಲ್ಲಿ, ಮುಂಭಾಗಕ್ಕೆ, ಮೈಯ ಶಾಖವನ್ನು ಅರಿಯುವ ಒಂದಿಷ್ಟು ಜೀವಕೋಶಗಳಿವೆ. ಬೆಳೆದ ಪ್ರಾಣಿಯಲ್ಲಿ ರಕ್ತ ಸ್ವಲ್ಪ ಬಿಸಿಯಾದರೆ ಅವು ಚುರುಕಾಗುತ್ತವೆ. ಚರ್ಮಕ್ಕೆ ರಕ್ತ ಬಿಡಿ, ಕೊಬ್ಬು ಉರಿಸುವುದನ್ನು ನಿಲ್ಲಿಸಿ, ಕೈಕಾಲು ಚಾಚಿ ಮಲಗಿ ಎಂದು ಮೈಗೆಲ್ಲ ಆಜ್ಞೆ ಹೊರಡಿಸುತ್ತವೆ. ಆದರೆ ಈಗಷ್ಟೇ ಹುಟ್ಟಿದ ಮರಿಯಲ್ಲಿ? ಕೋಶಗಳು ಇರುತ್ತವೆ. ಇರಬೇಕಾದ ಜಾಗದಲ್ಲೇ ಇರುತ್ತವೆ. ಬಿಸಿ ಮುಟ್ಟಿಸಿದರೆ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಹಾಜರಿ ಹಾಕಿದೆ, ಕುರ್ಚಿಯಲ್ಲಿ ಆಸಾಮಿ ಕೂತಿದ್ದಾನೆ, ಕೆಲಸ ಮಾತ್ರ ಇನ್ನೂ ಶುರುವಾಗಿಲ್ಲ. ಇಂಥ ಕಚೇರಿಗಳನ್ನು ನಾವೆಲ್ಲ ಕಂಡವರೇ. ವ್ಯತ್ಯಾಸವೆಂದರೆ ಇಲಿಮರಿಯ ತಲೆಯಲ್ಲಿ ಎರಡು ಮೂರು ವಾರಕ್ಕೆ ಕೆಲಸ ನಿಜವಾಗಿಯೂ ಶುರುವಾಗುತ್ತದೆ.

ಅದು ಶುರುವಾಗುವುದು ತನ್ನಷ್ಟಕ್ಕೆ ತಾನೇ, ಅಥವಾ ಮರಿ ಅನುಭವಿಸುವ ಶಾಖಕ್ಕೂ ಅದಕ್ಕೂ ನಂಟಿದೆಯೇ ಎಂದು ತಿಳಿಯಲು ದೊಡ್ಡ ಸಾರ್ ಒಂದು ಪ್ರಯೋಗ ಹೂಡಿದರು. ಕೆಲವು ಮರಿಗಳು ತಾಯಿಯ ಗೂಡಿನಲ್ಲೇ ಬೆಳೆದವು. ಇನ್ನು ಕೆಲವನ್ನು ದಿನದ ಬಹುಪಾಲು ಒಂದು ಪೆಟ್ಟಿಗೆಯಲ್ಲಿಟ್ಟರು. ಅದರೊಳಗೆ ಶಾಖ ಕೂದಲೆಳೆಯಷ್ಟೂ ಏರದು, ಇಳಿಯದು. ಈ ಪೆಟ್ಟಿಗೆಯ ಉಸ್ತುವಾರಿ ಥರ್ಮಾಮೀಟರಮ್ಮನದು. ಎಳೆಯಷ್ಟು ಸಣ್ಣ ತಂತಿಯ ತುದಿಯನ್ನು ಮರಿಯ ಮೈಗೆ ಅಂಟಿಸಿದರೆ ಪರದೆಯ ಮೇಲೆ ಅದರ ಶಾಖ ಗೆರೆಯಾಗಿ ಮೂಡುತ್ತಿತ್ತು. ಗೆರೆ ಮೂಡುವಾಗ ಯಾರೂ ಮರಿಯನ್ನು ಮುಟ್ಟಕೂಡದು. ಮುಟ್ಟಿದರೆ ಕೈಯ ಬಿಸಿ ತಗುಲಿ ಗೆರೆ ಕೆಡುತ್ತದೆ. "ರೆಕಾರ್ಡಿಂಗ್ ನಡೆಯುತ್ತಿದೆ, ಮುಟ್ಟಬೇಡಿ" ಎಂಬ ಫಲಕವನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದವರು ಅವರೇ. ಅವರ ಗೆರೆಯಷ್ಟು ನೇರವಾದ ಗೆರೆ ಆ ಕೇಂದ್ರದಲ್ಲಿ ಇನ್ನಾರ ಕೈಯಿಂದಲೂ ಬರುತ್ತಿರಲಿಲ್ಲ. ಒಮ್ಮೆ ದೊಡ್ಡ ಸಾರ್ ಅದನ್ನು ನೋಡಿ "ಹೂಂ" ಎಂದಿದ್ದರು. ಆ "ಹೂಂ" ಒಂದನ್ನು ಥರ್ಮಾಮೀಟರಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಬಡಿಸಿದರು.

ಪೆಟ್ಟಿಗೆಯ ಮರಿಗಳ ಕೋಶಗಳು ಏಳುವುದು ಯಾಕೋ ನಿಧಾನ, ಗೂಡಿನಲ್ಲಿ ಏರಿಳಿತ ಕಂಡ ಮರಿಗಳವು ಬೇಗ ಎಂಬಂತೆ ಕಾಣತೊಡಗಿತು. ದೊಡ್ಡ ಸಾರ್ "ಕಾಣುತ್ತೆ, ಇನ್ನೂ ನೋಡ್ಬೇಕು" ಎಂದಷ್ಟೇ ಹೇಳಿದರು. ಥರ್ಮಾಮೀಟರಮ್ಮನಿಗೆ ಅಷ್ಟೇ ಸಾಕಾಯಿತು. ತರಕಾರಿಯವನಿಂದ ಹಿಡಿದು ಕೆಳಗಿನ ಮನೆಯ ಮಾಸ್ತರರವರೆಗೆ ಸಿಕ್ಕವರಿಗೆಲ್ಲ "ಸ್ವಲ್ಪ ಚಳಿ ಸ್ವಲ್ಪ ಬಿಸಿ ಎರಡೂ ಬೇಕು ಕಣ್ರೀ, ಒಂದೇ ಸಮ ಇದ್ರೆ ತಲೆಗೆ ಕಲಿಯೋಕೆ ಏನಿರುತ್ತೆ?" ಎಂದು ಸಾರಿಬಿಟ್ಟರು. ಊರಿಗೆಲ್ಲ ಇದನ್ನು ಹೇಳಿದ ಆ ಬಾಯಿ ಮುಂದೆ ತನ್ನ ಮನೆಯಲ್ಲಿ ಏನು ಮಾಡಿತು ಎಂಬುದೇ ಈ ಕಥೆ.

ಅವರಿಗೆ ಒಬ್ಬನೇ ಮಗ. ಅವನು ಕೂಸಾಗಿದ್ದಾಗ ಕೆಲಸ ಹೊಸದು, ಮರಿಗಳು ಹುಟ್ಟುವುದಕ್ಕೆ ಹೊತ್ತುಗೊತ್ತಿಲ್ಲ. ಹಾಗಾಗಿ ಮಗನನ್ನು ಸಾಕಿದವರು ಅತ್ತೆ. ಅವನು ಮಗುಚಿಕೊಂಡದ್ದು, ಮೊದಲ ಹಲ್ಲು ತೋರಿಸಿದ್ದು, ಗೋಡೆ ಹಿಡಿದು ನಿಂತದ್ದು ಎಲ್ಲವೂ ತಾಯಿಗೆ ಸಂಜೆಯ ವರದಿಯಾಗಿ ತಲುಪಿತು. ಅತ್ತೆ ವರದಿ ಒಪ್ಪಿಸುವುದರಲ್ಲಿ ಧಾರಾಳಿ. "ನೀನು ನೋಡ್ಬೇಕಿತ್ತು ಕಣೇ," ಎಂದು ಕೊನೆಯಲ್ಲಿ ಸೇರಿಸುವುದನ್ನು ಮರೆಯುತ್ತಿರಲಿಲ್ಲ. ಆ ಮಾತು ಥರ್ಮಾಮೀಟರಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅತ್ತೆ ತೀರಿಕೊಂಡರು, ಮಗ ದೊಡ್ಡವನಾಗಿ ಹಡಗಿನ ಎಂಜಿನ್ ಕೋಣೆಗೆ ಸೇರಿ ವರ್ಷದ ಬಹುಪಾಲು ಕಡಲಿನಲ್ಲೇ ಕಳೆಯತೊಡಗಿದ. ಮುಳ್ಳು ಮಾತ್ರ ಇದ್ದಲ್ಲೇ ಇತ್ತು.

ಆದ್ದರಿಂದ ಸೊಸೆ ಗಂಡುಮಗು ಹೆತ್ತಾಗ ಥರ್ಮಾಮೀಟರಮ್ಮ ಒಳಗೊಳಗೇ ಒಂದು ತೀರ್ಮಾನ ಮಾಡಿಕೊಂಡರು. ಈ ಮಗುವನ್ನು ನಾನೇ ನೋಡಿಕೊಳ್ಳುತ್ತೇನೆ. ಇದರ ಒಂದು ಹಲ್ಲೂ ನನಗೆ ವರದಿಯಾಗಿ ಬರಕೂಡದು.

ಸೊಸೆ ಸಿಟಿ ಬಸ್ಸಿನ ಡ್ರೈವರು. ಗಟ್ಟಿ ಕೈ, ಗಟ್ಟಿ ಗಂಟಲು, ಮಾತು ನೇರ. ಅವಳು ಮೇಲಿನ ಮಹಡಿಯಲ್ಲಿ, ಅತ್ತೆ ಮಾವ ಅದರ ಕೆಳಗಿನ ಮಹಡಿಯಲ್ಲಿ. ಮಗು ತಿಂಗಳು ತುಂಬುವ ಮೊದಲೇ ಅವಸರ ಮಾಡಿ ಬಂದಿತ್ತು. ಸಣ್ಣ ಜೀವ. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು "ಏನೂ ತೊಂದರೆ ಇಲ್ಲ, ಮಾಮೂಲಿ ಮಗು, ಕರ್ಕೊಂಡ್ ಹೋಗಿ" ಎಂದು ಕಳಿಸಿದರು. ಥರ್ಮಾಮೀಟರಮ್ಮನಿಗೆ ಆ "ಮಾಮೂಲಿ" ಸರಿಬರಲಿಲ್ಲ. ಕೇಂದ್ರದಲ್ಲಿ ಹಳತಾಯಿತೆಂದು ಮೂಲೆಗೆ ಹಾಕಿದ್ದ ಒಂದು ತಂತಿಯನ್ನೂ ಪುಟ್ಟ ಪರದೆಯನ್ನೂ ಕೇಳಿ ಪಡೆದು ಮನೆಗೆ ತಂದರು. ತಂತಿಯ ತುದಿ ಮಗುವಿನ ಹೊಟ್ಟೆಗೆ, ಪರದೆ ತೊಟ್ಟಿಲ ಪಕ್ಕದ ಗೋಡೆಗೆ.

"ಇದೇನು ಅತ್ತೆ?" ಎಂದಳು ಸೊಸೆ.

"ಏನಿಲ್ಲಮ್ಮ, ಸುಮ್ಮನೆ ಒಂದು ಕಣ್ಣಿಟ್ಟಿರೋಕೆ."

ಹೆರಿಗೆಯಿಂದ ಸೋತಿದ್ದ ಸೊಸೆ ವಾದಕ್ಕಿಳಿಯದೆ ಕಣ್ಣು ಮುಚ್ಚಿ ಮಲಗಿದಳು.

ಅಷ್ಟರಲ್ಲಿ ಎದುರು ಪಕ್ಷದ ಆಗಮನವಾಯಿತು. ಸೊಸೆಯ ತಾಯಿ, ಎಂದರೆ ಥರ್ಮಾಮೀಟರಮ್ಮನ ಬೀಗಿತ್ತಿ, ಎರಡು ಬೀದಿಯಾಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಸ್ವೆಟರ್ ಹೆಣೆಯುವುದರಲ್ಲಿ ಎತ್ತಿದ ಕೈ. ಅವರು ತಂದ ಗಂಟನ್ನು ಬಿಚ್ಚಿದರೆ ಟೋಪಿ, ಕಾಲುಚೀಲ, ಕೈಗವಸು, ಒಳಗಿನ ಸ್ವೆಟರು, ಹೊರಗಿನ ಸ್ವೆಟರು, ಹೊರಗಿನದರ ಮೇಲೆ ಹಾಕುವ ಇನ್ನೊಂದು. ಒಂದು ಶಿಶುವಿಹಾರಕ್ಕೆ ಸಾಕಾಗುವಷ್ಟಿತ್ತು.

"ಅಷ್ಟೊಂದು ಸುತ್ತಬೇಡಿ ಬೀಗಿತ್ತಿಯೋರೇ, ಮಗು ಬೇಯುತ್ತೆ," ಎಂದರು ಥರ್ಮಾಮೀಟರಮ್ಮ.

"ನೀವು ಕಿಟಕಿ ತೆಗೆದಿಟ್ರೆ ಹೆಪ್ಪುಗಟ್ಟುತ್ತೆ, ಅದಕ್ಕಿಂತ ಬೇಯೋದೇ ವಾಸಿ," ಎಂದರು ಬೀಗಿತ್ತಿ.

"ಹೊಟ್ಟೆ ಮೇಲೆ ಎಷ್ಟಿದೆ ಅಂತ ಅಲ್ಲಿ ಬರ್ತಾ ಇದೆ ನೋಡಿ."

"ನಾನು ಇಬ್ಬರನ್ನ ಸಾಕಿದ್ದು ಗೋಡೆ ನೋಡ್ಕೊಂಡಲ್ಲ, ಮಕ್ಕಳನ್ನ ನೋಡ್ಕೊಂಡು."

ಈ ಏಟು ಎಲ್ಲಿ ತಗುಲಿತು ಎಂಬುದು ಬೀಗಿತ್ತಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಹುಶಃ ಇನ್ನೊಮ್ಮೆ ಹೇಳುತ್ತಿದ್ದರು. ಅಂದಿನಿಂದ ಒಬ್ಬರು ಕಿಟಕಿ ತೆರೆದರೆ ಇನ್ನೊಬ್ಬರು ಮುಚ್ಚುವುದು, ಒಬ್ಬರು ಟೋಪಿ ಹಾಕಿದರೆ ಇನ್ನೊಬ್ಬರು ತೆಗೆಯುವುದು ಮೂರು ಹೊತ್ತೂ ನಡೆಯಿತು. ಇಬ್ಬರೂ ಒಬ್ಬರಿಗೊಬ್ಬರು ನಗುನಗುತ್ತಲೇ ಚಹಾ ಕೊಟ್ಟುಕೊಳ್ಳುತ್ತಿದ್ದರು. ಥರ್ಮಾಮೀಟರಮ್ಮನ ಯಜಮಾನರು ಮೇಲಿನ ಮನೆಯ ಬಾಲ್ಕನಿಗೆ ಕುರ್ಚಿ ಸಾಗಿಸಿಕೊಂಡರು. ಅವರು ನಿವೃತ್ತ ಲಿಫ್ಟ್ ಮೆಕ್ಯಾನಿಕ್. ಆಯುಷ್ಯವೆಲ್ಲ ಮೇಲೆ ಕೆಳಗೆ ಓಡಾಡಿದ ಮನುಷ್ಯ, ಏರಿಳಿತಕ್ಕೆ ಹೆದರುವವರಲ್ಲ. ಆದರೆ ಇಬ್ಬರು ಹೆಂಗಸರ ನಡುವೆ ಸಿಕ್ಕಿಹಾಕಿಕೊಂಡರೆ ಬಾಗಿಲು ತೆರೆಯಲು ಯಾವ ಗುಂಡಿ ಒತ್ತಬೇಕೆಂಬುದು ಅವರಿಗೂ ತಿಳಿದಿರಲಿಲ್ಲ.

ಸೊಸೆಯ ರಜೆ ಮುಗಿಯುತ್ತ ಬಂತು. ಒಂದು ಸಂಜೆ ಅವಳು ಇಬ್ಬರನ್ನೂ ಎದುರು ಕೂರಿಸಿಕೊಂಡಳು.

"ನೋಡಿ, ಡಿಪೊದಲ್ಲಿ ಮೊದಲ ಎರಡು ವಾರ ಮತ್ತೆ ತರಬೇತಿ ಕೊಡ್ತಾರೆ. ಒಂದು ವಾರ ಅಮ್ಮ ನೋಡ್ಕೊಳ್ಳಿ, ಒಂದು ವಾರ ಅತ್ತೆ ನೋಡ್ಕೊಳ್ಳಿ. ಅದಾದ್ಮೇಲೆ ನಾನು ಹೇಳ್ತೀನಿ, ಮಗು ಯಾರ ಹತ್ರ ಇರುತ್ತೆ ಅಂತ. ಇಬ್ಬರೂ ಒಟ್ಟಿಗೆ ಮಾತ್ರ ಬೇಡ. ಮಗು ತಡ್ಕೊಂಡ್ರೂ ನಂಗೆ ತಡ್ಕೊಳ್ಳೋಕೆ ಆಗಲ್ಲ."

ಮೊದಲ ವಾರ ಬೀಗಿತ್ತಿಯದು. ಅವರು ಮಗುವನ್ನು ಹೆಗಲಿನಿಂದ ಇಳಿಸಲೇ ಇಲ್ಲ. ಹೆಗಲ ಮೇಲೆ ಹಾಕಿಕೊಂಡೇ ಗುಂಡಿ ಹೊಲಿದರು, ಹಾಕಿಕೊಂಡೇ ಗಿರಾಕಿಗಳ ಜೊತೆ ಜಗಳವಾಡಿದರು. ಮೂರು ಪದರ ಉಣ್ಣೆಯೊಳಗೆ ಮಗು ಕೆಂಪು ಕೆಂಪಾಗಿ ಹೊಳೆಯಿತು. ವಾರ ಮುಗಿಯುವ ಮೊದಲೇ ಕುತ್ತಿಗೆ, ಬೆನ್ನ ತುಂಬ ಬೆವರುಸಾಲೆ ಎದ್ದು ಅದು ಕಿರುಚತೊಡಗಿತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಡಾಕ್ಟರು ಒಂದೊಂದೇ ಸ್ವೆಟರು ಬಿಚ್ಚಿ ಮೇಜಿನ ಮೇಲೆ ಪೇರಿಸಿ, "ಈ ಮಗುಗೆ ಬಂದಿರೋದು ಕಾಯಿಲೆ ಅಲ್ಲಮ್ಮ, ಬಟ್ಟೆ," ಎಂದರು.

ಬೀಗಿತ್ತಿ ಮಗಳ ಮನೆಗೆ ಬಂದು ಅಡಿಗೆಮನೆಯಲ್ಲಿ ಮುಖ ಮರೆಸಿಕೊಂಡು ಅತ್ತರು. ಥರ್ಮಾಮೀಟರಮ್ಮ ಅದನ್ನು ಬಾಗಿಲ ಸಂದಿಯಿಂದ ಕಂಡರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮರುಗಳಿಗೆಯಲ್ಲಿ, ಆ ಬಾಗಿದ ಬೆನ್ನನ್ನು ನೋಡಿ ಪಾಪ ಎಂದೂ ಅನ್ನಿಸಿತು. ಹೋಗಿ ಒಂದು ಲೋಟ ನೀರು ಕೊಟ್ಟರು. "ಹೋಗ್ಲಿ ಬಿಡಿ, ಎಲ್ಲರಿಗೂ ಆಗುತ್ತೆ," ಎಂದರು. ತಮಗೆ ಆಗುವುದಿಲ್ಲವೆಂಬ ಧೈರ್ಯ ಇದ್ದವರಷ್ಟೇ ಹೇಳಬಲ್ಲ ಧಾಟಿಯಲ್ಲಿ ಹೇಳಿದರು.

ಎರಡನೆಯ ವಾರ ಅವರದು. ಕೇಂದ್ರಕ್ಕೆ ರಜೆ ಹಾಕಿ, ಸೋಮವಾರ ಬೆಳಿಗ್ಗೆ ಸೊಸೆ ಡಿಪೊಗೆ ಹೊರಡುವ ಮುನ್ನವೇ ಮೇಲೆ ಹತ್ತಿಬಂದರು. ಒಂದೇ ಪದರ ಹತ್ತಿ ಬಟ್ಟೆ, ಕಿಟಕಿ ಇಷ್ಟೇ ತೆರೆದಿರಬೇಕೆಂದು ಚೌಕಟ್ಟಿಗೆ ಸೀಮೆಸುಣ್ಣದ ಗುರುತು, ಫ್ಯಾನು ಇಂತಿಷ್ಟೇ ವೇಗ. ತಂತಿಯ ತುದಿಯನ್ನು ಹೊಸ ಟೇಪಿನಿಂದ ಅಂಟಿಸಿ ಪರದೆ ಚಾಲೂ ಮಾಡಿದರು. ಗೆರೆ ಹೊರಟಿತು. ದಿನಾ ಸಂಜೆ ಸೊಸೆ ಬರುವವರೆಗೆ ಅದು ಓಡಬೇಕು.

ತೊಂದರೆ ಏನೆಂಬುದು ಮೊದಲ ದಿನವೇ ತಿಳಿಯಿತು. ಮಗುವನ್ನು ಎತ್ತಿ ಎದೆಗಾನಿಸಿಕೊಂಡರೆ ತಂತಿಯ ತುದಿಗೆ ಅವರ ಮೈಯ ಬಿಸಿ ತಗುಲಿ ಗೆರೆ ಮೇಲೇಳುತ್ತಿತ್ತು. ತೊಟ್ಟಿಲಿಗೆ ಹಾಕಿದರೆ ಕೆಳಗಿಳಿಯುತ್ತಿತ್ತು. ಬೇರೆಯವರಾದರೆ ಗೆರೆಯನ್ನು ಅದರ ಪಾಡಿಗೆ ಬಿಡುತ್ತಿದ್ದರು. ಆದರೆ ಇವರ ಕೈಗೆ ಅಷ್ಟು ವರ್ಷದ ಶಿಸ್ತು ಅಂಟಿಕೊಂಡಿತ್ತು. ರೆಕಾರ್ಡಿಂಗ್ ನಡೆಯುವಾಗ ಮುಟ್ಟುವುದುಂಟೇ? ಸೊಸೆಯ ಮುಂದಿಡಬೇಕಾದ ಸಾಕ್ಷಿಯೇ ಈ ಗೆರೆ. ಬೀಗಿತ್ತಿಯ ಕೈಯಲ್ಲಿ ಮಗು ಬೆಂದಿತು, ನನ್ನ ಕೈಯಲ್ಲಿ ನೋಡು, ಒಂದಿಷ್ಟೂ ಆಚೀಚೆಯಾಗಿಲ್ಲ ಎಂದು ತೋರಿಸಬೇಕು. ಹಾಗಾಗಿ ಮಲಗಿಸಿದಲ್ಲೇ ಬಾಟಲಿಯಿಂದ ಹಾಲು ಕುಡಿಸಿದರು. ತೇಗಿಸಲು ಎತ್ತಿದರೆ ಮುಂಗೈ ಮೇಲೆ, ಮೈಗೆ ತಾಕದ ಹಾಗೆ. ಅತ್ತರೆ ತೊಟ್ಟಿಲಿಂದ ಒಂದು ಮಾರು ದೂರ ನಿಂತು ಗಿಲಕಿ ಆಡಿಸಿದರು, ನಾಲಿಗೆ ಲೊಚಗುಟ್ಟಿದರು, ಹಾಡಿದರು. ಅವರ ಹಾಡು ಕೇಳಿ ಮಗು ಇನ್ನಷ್ಟು ಅತ್ತಿತು.

"ಎತ್ಕೊಳ್ಳೇ," ಎಂದರು ಯಜಮಾನರು ಬಾಲ್ಕನಿಯಿಂದ.

"ನೀವು ಸುಮ್ಮನಿರಿ, ನಿಮಗೆ ತಿಳಿಯಲ್ಲ."

"ಹೌದಪ್ಪ, ನನಗೇನು ತಿಳಿಯುತ್ತೆ," ಎಂದು ಅವರು ಪೇಪರಿಗೆ ಮರಳಿದರು.

ಗುರುವಾರ ಮಧ್ಯಾಹ್ನ ಮಗು ಹಿಡಿದ ಪಟ್ಟು ಬಿಡಲಿಲ್ಲ. ಹೊಟ್ಟೆ ತುಂಬಿದೆ, ಬಟ್ಟೆ ಒದ್ದೆಯಿಲ್ಲ, ಗೆರೆ ನೆಟ್ಟಗಿದೆ. ಅಳು ಮಾತ್ರ ಏರುತ್ತಲೇ ಹೋಯಿತು. ಕೊನೆಗೆ ದನಿ ಒಡೆದು, ಬಾಯಿ ತೆರೆದೇ ಇದ್ದು ಸದ್ದೇ ಬಾರದ ಹಂತಕ್ಕೆ ಮುಟ್ಟಿತು. ಯಜಮಾನರು ಬಾಲ್ಕನಿಯಿಂದ ಎದ್ದುಬಂದರು. ಅವರು ಹಾಗೆ ಎದ್ದುಬರುವುದೇ ಅಪರೂಪ.

"ಅವನು ಇಲಿ ಅಲ್ಲ ಕಣೇ," ಎಂದರು.

ಥರ್ಮಾಮೀಟರಮ್ಮ ಪರದೆಯನ್ನು ನೋಡಿದರು, ಮಗುವನ್ನು ನೋಡಿದರು. ಆಮೇಲೆ ಬಾಚಿ ಎತ್ತಿಕೊಂಡರು. ಮಗು ಒಂದೆರಡು ಸಲ ಬಿಕ್ಕಿ, ಅವರ ಕುತ್ತಿಗೆಯಲ್ಲಿ ಒದ್ದೆ ಬಾಯಿ ಒತ್ತಿ, ಕುಪ್ಪಸದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನಾಯಿತು. ಅವರು ಕುರ್ಚಿಯಲ್ಲಿ ಕೂತರು. ಇದು ಮಲಗಿದ ಕೂಡಲೇ ತೊಟ್ಟಿಲಿಗೆ ಹಾಕಿಬಿಡುತ್ತೇನೆ ಎಂದುಕೊಂಡರು. ಎದೆಯ ಮೇಲೆ ಆ ಪುಟ್ಟ ಭಾರ ಏರಿಳಿಯುತ್ತಿತ್ತು. ಹಾಲಿನ ವಾಸನೆ, ನೆತ್ತಿಯ ಬಿಸಿ. ಮಗನನ್ನು ಹೀಗೆ ಹಿಡಿದದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋಗಿ, ನೆನಪಾಗದೆ, ಹಾಗೆಯೇ ಅವರಿಗೂ ನಿದ್ದೆ ಹತ್ತಿತು.

ಎಚ್ಚರವಾದಾಗ ಎದುರಿನ ಗೋಡೆಯ ಬಿಸಿಲು ಸರಿದಿತ್ತು. ಯಜಮಾನರು ಫೋನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಏನ್ರೀ?"

"ಏನಿಲ್ಲ, ಟೈಮೆಷ್ಟು ಅಂತ ನೋಡ್ತಿದ್ದೆ."

ಅಂಥ ನಿದ್ದೆಯನ್ನು ಅವರು ಎಷ್ಟು ವರ್ಷಗಳಿಂದ ಕಂಡಿರಲಿಲ್ಲವೋ. ಮೈಯೆಲ್ಲ ಹಗುರಾಗಿತ್ತು. ಸುಖ ಎಂದರೆ ಇದೇ ಇರಬೇಕು ಅನ್ನಿಸಿತು. ಅಷ್ಟರಲ್ಲಿ ಪರದೆಯತ್ತ ಕಣ್ಣು ಹೋಯಿತು. ನಾಲ್ಕು ದಿನದಿಂದ ದಾರ ಹಿಡಿದು ಎಳೆದಂತಿದ್ದ ಗೆರೆಯ ಮೇಲೆ ಇಷ್ಟು ದೊಡ್ಡ ಉಬ್ಬು. ಮೆತ್ತಗೆ ಮಗುವನ್ನು ತೊಟ್ಟಿಲಿಗೆ ಇಳಿಸಿದರು. ಉಬ್ಬು ಇಳಿದು ಗೆರೆ ಮತ್ತೆ ನೇರವಾಯಿತು. ಆದರೆ ಆದ ಅನಾಹುತ ಆಗಿಹೋಗಿತ್ತು. ಅಳಿಸಿಬಿಡೋಣವೇ ಎಂದು ಒಂದು ಕ್ಷಣ ಯೋಚಿಸಿದರು. ಹಾಗೆಲ್ಲ ಮಾಡುವ ಪೈಕಿಯಲ್ಲ ಅವರು. ಶುಕ್ರವಾರ, ಶನಿವಾರ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಗಿಲಕಿ ಆಡಿಸಿ ಆಡಿಸಿ ಮಣಿಕಟ್ಟು ನೋವು ಬಂತು.

ಶನಿವಾರ ಸಂಜೆ ಸೊಸೆ ಖಾಕಿ ಅಂಗಿಯಲ್ಲೇ ಬಂದು, ಕೈಕಾಲು ತೊಳೆದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಥರ್ಮಾಮೀಟರಮ್ಮ ಪರದೆಯನ್ನು ಗೋಡೆಯಿಂದ ಬಿಚ್ಚಿ ಅವಳ ಮುಂದಿಟ್ಟರು. ಅಂಗೈಯಿಂದ ಅದನ್ನು ಎರಡು ಸಲ ಒರೆಸಿದರು. ಇಷ್ಟು ವರ್ಷದಲ್ಲಿ ದೊಡ್ಡ ಸಾರ್ ಎದುರು ಗೆರೆ ಇಡುವಾಗಲೂ ಅವರು ಹೀಗೆ ಒರೆಸಿದವರಲ್ಲ.

"ಇದು ವಾರ ಪೂರ್ತೀದು. ನೋಡಮ್ಮ."

ಸೊಸೆ ಬೆರಳಿನಿಂದ ಪರದೆ ಸರಿಸುತ್ತ ಹೋದಳು. "ಅಬ್ಬಾ, ಇಷ್ಟು ನೇರ ರಸ್ತೆ ಸಿಕ್ಕಿದ್ರೆ ನಾನು ಕಣ್ಣು ಮುಚ್ಕೊಂಡು ಬಸ್ ಓಡಿಸ್ತೀನಿ ಅತ್ತೆ," ಎಂದಳು. ಥರ್ಮಾಮೀಟರಮ್ಮನ ಮುಖ ಅರಳಿತು. ಬೆರಳು ಗುರುವಾರಕ್ಕೆ ಬಂದು ನಿಂತಿತು.

"ಇದೇನು, ಇಲ್ಲೊಂದು ಹಂಪ್ ಇದೆ?"

ಬಾಲ್ಕನಿಯಲ್ಲಿ ಪೇಪರಿನ ಸದ್ದು ನಿಂತಿತು.

"ಅದಾ? ಅದು... ಅದು ತಪ್ಪಾಗಿದೆ ಕಣಮ್ಮ."

"ತಪ್ಪಾ? ಏನಾಯ್ತು ಆವಾಗ?"

ಅವಳ ದನಿ ಯಾಕೋ ಮೆದುವಾಗಿತ್ತು. ಹೇಳಿ ಅತ್ತೆ, ಹೇಳಿ ಎಂಬಂತೆ ಮುಖವನ್ನೇ ನೋಡುತ್ತಿದ್ದಳು. ಥರ್ಮಾಮೀಟರಮ್ಮನಿಗೆ ಅದು ವಿಚಾರಣೆಯಾಗಿ ಕಂಡಿತು. ಇವಳ ತಾಯಿ ಮಗುವನ್ನು ಬೇಯಿಸಿದ್ದನ್ನು ಮರೆಸಲು ಈ ಒಂದು ಉಬ್ಬು ಸಾಕು ಎಂದು ಅವರಿಗೆ ಭಯವಾಯಿತು.

"ತಂತಿ ಸ್ವಲ್ಪ ಜರುಗಿತ್ತು ಅಷ್ಟೇ. ಗಮನ ತಪ್ಪಿತು. ಅದೊಂದು ಹೊತ್ತು ಲೆಕ್ಕಕ್ಕೆ ತಗೋಬೇಡ."

"ಮತ್ತೆ ಹಾಗೆ ಆಗಲ್ವಾ?"

"ಆಗಲ್ಲ. ಖಂಡಿತ ಆಗಲ್ಲ. ನಾನು ಮಾತು ಕೊಡ್ತೀನಿ."

ಮಗುವಿನ ಹೊಟ್ಟೆಯ ಮೇಲೆ ಟೇಪಿನ ಗುರುತು ಕೆಂಪಗಿತ್ತು, ಅದನ್ನು ಸೊಸೆ ಹೆಬ್ಬೆರಳಿನಿಂದ ನೀವಿದಳು.

"ಹಾಗಾದ್ರೆ ಅಮ್ಮನ ಹತ್ರಾನೇ ಬಿಡ್ತೀನಿ ಅತ್ತೆ," ಎಂದಳು.

ಥರ್ಮಾಮೀಟರಮ್ಮನಿಗೆ ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. "ಬೆವರುಸಾಲೆ..." ಎಂದರು.

"ಎದ್ರೆ ಏಳಲಿ. ಎರಡು ಸ್ವೆಟರ್ ತೆಗೆದು ಬಿಸಾಕಿದ್ರೆ ಹೋಗುತ್ತೆ. ಅಮ್ಮಂಗೆ ಅದನ್ನ ಹೇಳಬಹುದು, ಬೈದಾದ್ರೂ ಹೇಳಬಹುದು." ಅವಳು ಅಂಗಿಯ ಜೇಬಿನಿಂದ ಫೋನು ತೆಗೆದಳು. "ಗುರುವಾರ ತರಬೇತೀಲಿ ಇದ್ದಾಗ ಮಾವ ಇದನ್ನ ಕಳಿಸಿದ್ರು. ನೋಡಿ ನನಗೆ ಕಣ್ಣಲ್ಲಿ ನೀರೇ ಬಂತು. ಅತ್ತೆ ಹತ್ರಾನೇ ಬಿಡೋದು ಅಂತ ಅಲ್ಲೇ ನಿರ್ಧಾರ ಮಾಡಿದ್ದೆ."

ಫೋಟೋದಲ್ಲಿ ಒಬ್ಬ ಮುದುಕಿ ಕುರ್ಚಿಗೆ ಒರಗಿ ನಿದ್ದೆಹೋಗಿದ್ದಳು. ಬಾಯಿ ತೆರೆದಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಎದೆಯ ಮೇಲೆ ಒಂದು ಕೂಸು ಕೈಕಾಲು ಚಾಚಿ ಬೋರಲು ಬಿದ್ದುಕೊಂಡಿತ್ತು, ಅದರ ಹೊಟ್ಟೆಯಡಿಯಿಂದ ತಂತಿಯೊಂದು ಜೋತಾಡುತ್ತಿತ್ತು. ಇಬ್ಬರ ಕೆನ್ನೆಯೂ ಒಂದೇ ಸಮ ಕೆಂಪಾಗಿತ್ತು. ಇಂಥ ಗುಡ್ಡೆಗಳನ್ನು ಪೆಟ್ಟಿಗೆಗಳಲ್ಲಿ ಸಾವಿರ ಸಲ ಕಂಡಿದ್ದ ಕಣ್ಣಿಗೆ ಆ ಮುದುಕಿ ತಾನೇ ಎಂದು ಹೊಳೆಯಲು ತಡವಾಯಿತು.

"ಇದೇ ಆ ಹಂಪ್ ಅಲ್ವಾ ಅತ್ತೆ? ಇದು ಮತ್ತೆ ಆಗಲ್ಲ ಅಂತ ಮಾತು ಕೊಟ್ರಲ್ಲ ನೀವು," ಎಂದಳು ಸೊಸೆ. ಕೋಪವಿರಲಿಲ್ಲ, ಬೇಸರವಿತ್ತು.

ಥರ್ಮಾಮೀಟರಮ್ಮ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ವಾರದ ಉಳಿದೆಲ್ಲ ಹೊತ್ತನ್ನು ಜೋಪಾನ ಮಾಡಿ ಮುಂದಿಟ್ಟು, ಮಗುವಿನ ಜೊತೆ ನಿಜವಾಗಿ ಇದ್ದ ಒಂದೇ ಒಂದು ಹೊತ್ತನ್ನು ತಪ್ಪು ಎಂದು ತಮ್ಮ ಬಾಯಿಂದಲೇ ಹೇಳಿ ಕಳೆದುಕೊಂಡಿದ್ದರು. ಅವರ ಅತ್ತೆ ಬದುಕಿದ್ದರೆ "ನೀನು ನೋಡ್ಬೇಕಿತ್ತು ಕಣೇ" ಎನ್ನುತ್ತಿದ್ದರು. ಈ ಸಲ ನೋಡಿದವರೂ ಇವರೇ, ಇಲ್ಲ ಎಂದವರೂ ಇವರೇ.

"ಆಗುತ್ತೆ," ಎಂದರು. "ದಿನಾ ಆಗುತ್ತೆ. ನಾನು ಸುಳ್ಳು ಹೇಳ್ದೆ."

ಸೊಸೆ ಬಾಲ್ಕನಿಯ ಕಡೆ ನೋಡಿದಳು. ಅಲ್ಲಿ ಯಜಮಾನರು ಪೇಪರನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು.

"ಬೆಳಿಗ್ಗೆ ಹೊತ್ತು ಅಮ್ಮನೇ. ಇನ್ನೇನು ಬರ್ತಾರೆ, ಅವರಿಗೇ ಮೊದಲು ಹೇಳ್ತೀನಿ, ಪಾಪ ವಾರದಿಂದ ಸರಿಯಾಗಿ ಊಟ ಮಾಡಿಲ್ಲ," ಎಂದಳು. "ಆದ್ರೆ ಊಟ ಆದ್ಮೇಲೆ ಅವರು ಅಂಗಡಿ ತೆಗೀಬೇಕು. ಮಧ್ಯಾಹ್ನ ಯಾರಾದ್ರೂ ಬೇಕು. ಆ ತಂತಿ ತರೋ ಹಾಗಿಲ್ಲ."

"ತರಲ್ಲ."

"ಪರದೆ?"

"ಅದೂ ತರಲ್ಲ."

ಸೋಮವಾರ ಥರ್ಮಾಮೀಟರಮ್ಮ ತಂತಿ, ಪರದೆ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಕೇಂದ್ರಕ್ಕೆ ಹೋದರು. ಕೋಣೆಯಲ್ಲಿ ದೊಡ್ಡ ಸಾರ್ ಎಂದಿನಂತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡು ಕೂತಿದ್ದರು. ಥರ್ಮಾಮೀಟರಮ್ಮ ಮೇಜಿನ ತುದಿಯಲ್ಲಿ ಚೀಲ ಇಟ್ಟು ನಿಂತರು.

"ಸಾರ್, ಮಧ್ಯಾಹ್ನದ ಹೊತ್ತು ನನಗೆ ರಜೆ ಬೇಕು. ದಿನಾ. ಸಂಬಳ ಅರ್ಧ ಹಿಡ್ಕೊಂಡ್ರೂ ಪರವಾಗಿಲ್ಲ."

"ಯಾಕಮ್ಮ? ಮೊಮ್ಮಗುಗೆ ಹುಷಾರಿಲ್ವಾ?"

"ಚೆನ್ನಾಗಿದ್ದಾನೆ ಸಾರ್."

"ಮೈ ಬಿಸಿ ಎಷ್ಟಿದೆ ಈಗ?"

"ಗೊತ್ತಿಲ್ಲ ಸಾರ್."

ದೊಡ್ಡ ಸಾರ್ ತಲೆ ಎತ್ತಿದರು. ಕನ್ನಡಕ ಹಾಕಿಕೊಂಡು, ಎದುರು ನಿಂತಿರುವುದು ತಮ್ಮ ಹಿರಿಯ ಸಹಾಯಕಿಯೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳುವವರಂತೆ ನೋಡಿದರು.

"ಮತ್ತೆ ದಿನಾ ರಜೆ ಯಾತಕ್ಕೆ?"

"ನಿದ್ದೆ ಮಾಡೋಕೆ ಸಾರ್," ಎಂದರು ಥರ್ಮಾಮೀಟರಮ್ಮ.